ಜನ ದೊಡ್ಡ ಜಾಲತಾಣ ಬಿಟ್ಟು ಫೆಡಿವರ್ಸ್‌ಗೆ ಯಾಕೆ ಹೋಗುತ್ತಿದ್ದಾರೆ?

2024ರ ಜುಲೈನಲ್ಲಿ ‘ಕೂ’ ಮುಚ್ಚಿತು. ಬೆಂಗಳೂರಿನಲ್ಲಿ ಹುಟ್ಟಿದ ಆ್ಯಪ್ ಅದು. 2020ರಲ್ಲಿ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕಾ ಅದನ್ನು ಶುರು ಮಾಡಿದಾಗ ಮೊದಲು ಬಂದ ಭಾಷೆ ಕನ್ನಡ. ಉಳಿದ ಭಾಷೆಗಳೆಲ್ಲ ಆಮೇಲೆ. 2021ರ ಫೆಬ್ರವರಿಯಲ್ಲಿ ರೈತ ಹೋರಾಟದ ಪೋಸ್ಟ್‌ಗಳ ವಿಷಯಕ್ಕೆ ಕೇಂದ್ರ ಸರ್ಕಾರಕ್ಕೂ ಟ್ವಿಟರ್‌ಗೂ ಜಟಾಪಟಿ ಆದಾಗ ಸಚಿವರು, ಸರ್ಕಾರಿ ಇಲಾಖೆಗಳು ಕೂ ಕಡೆ ಬಂದವು. ಟ್ವಿಟರ್‌ಗೆ ಸ್ವದೇಶಿ ಉತ್ತರ ಸಿಕ್ಕಿತು ಎಂದು ಆಗ ತುಂಬಾ ಜನ ಖುಷಿಪಟ್ಟರು. ಮೂರೂವರೆ ವರ್ಷ ಕಳೆಯುವಷ್ಟರಲ್ಲಿ ಹೊಸ ಹೂಡಿಕೆ ಸಿಗದೆ, ಕಂಪನಿಯನ್ನು ಬೇರೆಯವರಿಗೆ ಮಾರುವ ಮಾತುಕತೆಯೂ ಮುರಿದುಬಿದ್ದು, ಸ್ಥಾಪಕರು ಬಾಗಿಲು ಹಾಕಿದರು.

ಅವರು ಮೋಸ ಮಾಡಲಿಲ್ಲ. ದುಡ್ಡು ಮುಗಿಯಿತು, ಅಷ್ಟೇ. ಆದರೆ ಅಲ್ಲಿ ಕನ್ನಡದಲ್ಲೇ ಬರೆಯುತ್ತಾ ಓದುಗರನ್ನು ಸಂಪಾದಿಸಿದ್ದವರು ಏನು ಮಾಡಬೇಕಿತ್ತು? ಫಾಲೋವರ್‌ಗಳನ್ನು ಬೇರೆ ಕಡೆಗೆ ಕರೆದೊಯ್ಯುವ ದಾರಿಯೇ ಇರಲಿಲ್ಲ. ಅದಕ್ಕೂ ಹತ್ತು ವರ್ಷ ಮೊದಲು, 2014ರ ಸೆಪ್ಟೆಂಬರ್ 30ರಂದು ಗೂಗಲ್ ಆರ್ಕುಟ್ ಮುಚ್ಚಿದಾಗಲೂ ಇದೇ ಆಗಿತ್ತು. 2019ರ ಏಪ್ರಿಲ್‌ನಲ್ಲಿ ಗೂಗಲ್ ಪ್ಲಸ್ ಮುಚ್ಚಿದಾಗ ಮತ್ತೆ ಅದೇ. ಒಂದು ಕಂಪನಿ ಬೆಂಗಳೂರಿನದು, ಇನ್ನೊಂದು ಕ್ಯಾಲಿಫೋರ್ನಿಯಾದ್ದು. ಬರೆದವರಿಗೆ ಆದ ನಷ್ಟದಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ದೊಡ್ಡ ಜಾಲತಾಣ ಬಿಟ್ಟು ಹೋಗುವವರ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಒಂದು ಆ್ಯಪ್ ಚೆನ್ನಾಗಿದೆಯಾ, ಇನ್ನೊಂದು ಚೆನ್ನಾಗಿದೆಯಾ ಎಂದು ಕೇಳುತ್ತೇವೆ. ನನ್ನ ಪ್ರಕಾರ ಕೇಳಬೇಕಾದದ್ದು ಬೇರೆ. ನಾಳೆ ಈ ಜಾಗ ಹಾಳಾದರೆ, ನನ್ನ ಸ್ನೇಹಿತರನ್ನೂ ಓದುಗರನ್ನೂ ಕಳೆದುಕೊಳ್ಳದೆ ನಾನು ಹೊರಗೆ ಹೋಗಬಹುದಾ? ಕೂ, ಆರ್ಕುಟ್, ಫೇಸ್‌ಬುಕ್, ಎಕ್ಸ್ (ಅಂದರೆ ಹಿಂದಿನ ಟ್ವಿಟರ್) ಇವುಗಳಲ್ಲಿ ಉತ್ತರ ‘ಇಲ್ಲ’. ಆ ಉತ್ತರವನ್ನು ಬದಲಿಸಬೇಕು ಅಂತಲೇ ಕಟ್ಟಿದ ಜಾಲವೊಂದಿದೆ. ಬೇರೆಬೇರೆಯವರು ನಡೆಸುವ, ಆದರೆ ಒಂದಕ್ಕೊಂದು ಜೋಡಿಸಿಕೊಂಡಿರುವ ತಾಣಗಳ ಆ ಜಾಲವನ್ನು ಫೆಡಿವರ್ಸ್ ಎನ್ನುತ್ತಾರೆ. ಟ್ವಿಟರ್ ಥರದ ಮಾಸ್ಟೊಡಾನ್ ಅದರ ಅತಿ ಹೆಸರಾದ ಭಾಗ.

ನಮ್ಮ ದೇಶದ ತುಂಬಾ ಜನ ಮಾಸ್ಟೊಡಾನ್ ಹೆಸರನ್ನು ಮೊದಲು ಕೇಳಿದ್ದು 2019ರ ನವೆಂಬರ್‌ನಲ್ಲಿ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆಯನ್ನು ಅದಕ್ಕೆ ಸ್ವಲ್ಪ ಮೊದಲು, ಅಕ್ಟೋಬರ್ ಕೊನೆಯಲ್ಲಿ, ಎರಡು ಸಲ ಅಮಾನತು ಮಾಡಲಾಗಿತ್ತು. ಮೊದಲ ಸಲ ಕಾರಣವಾಗಿದ್ದು ಒಂದು ಹಳೆಯ ಫೋಟೊ. 1936ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಹಡಗುಕಟ್ಟೆಯಲ್ಲಿ ಜನರೆಲ್ಲ ಕೈಯೆತ್ತಿ ನಾಜಿ ಸಲ್ಯೂಟ್ ಹೊಡೆಯುತ್ತಿರುವಾಗ ಒಬ್ಬನೇ ಒಬ್ಬ ಕೈ ಕಟ್ಟಿ ನಿಂತಿರುವ ಚಿತ್ರ ಅದು. ಎರಡನೇ ಸಲ, ಹಿಂದಿ ಕವಿ ಗೋರಖ್ ಪಾಂಡೆ ಅವರ ಕವಿತೆ ಇದ್ದ ಹಳೆಯ ಪೋಸ್ಟೊಂದನ್ನು ಹಂಚಿಕೊಂಡಿದ್ದಕ್ಕೆ. ನಾಜಿಗಳನ್ನು ವಿರೋಧಿಸಿದವನ ಚಿತ್ರ ನಿಯಮಕ್ಕೆ ವಿರುದ್ಧ ಅಂತ ತೀರ್ಮಾನಿಸಿದವರು ಯಾರು, ಯಾವ ದೇಶದಲ್ಲಿ ಕೂತಿದ್ದರು, ಅದು ಮನುಷ್ಯರೋ ಯಂತ್ರವೋ, ಯಾವುದೂ ಗೊತ್ತಾಗಲಿಲ್ಲ. ಅದೇ ಹೊತ್ತಿಗೆ ದಲಿತ, ಹಿಂದುಳಿದ ಸಮುದಾಯಗಳ ಬಳಕೆದಾರರು ಟ್ವಿಟರ್ ತಮ್ಮ ವಿಷಯದಲ್ಲಿ ತಾರತಮ್ಯ ಮಾಡುತ್ತಿದೆ ಎಂದು ದನಿ ಎತ್ತಿದ್ದರು. ಎರಡೂ ಸಿಟ್ಟು ಸೇರಿ ಸಾವಿರಾರು ಭಾರತೀಯರು ಮಾಸ್ಟೊಡಾನ್‌ನಲ್ಲಿ ಖಾತೆ ತೆರೆದರು.

ಕೆಲವೇ ವಾರಗಳಲ್ಲಿ ಹೆಚ್ಚಿನವರು ಟ್ವಿಟರ್‌ಗೇ ಮರಳಿದರು. ಪತ್ರಕರ್ತರು, ರಾಜಕಾರಣಿಗಳು, ಪರಿಚಿತರು ಎಲ್ಲ ಅಲ್ಲೇ ಇದ್ದರಲ್ಲ. ಜನ ಇರುವ ಕಡೆಗೇ ಜನ ಹೋಗುತ್ತಾರೆ. ಸಿಟ್ಟು ಒಂದರಿಂದಲೇ ವಲಸೆ ಗಟ್ಟಿಯಾಗುವುದಿಲ್ಲ ಎನ್ನುವುದು ಆಗಲೇ ಗೊತ್ತಾಯಿತು.

ದೊಡ್ಡ ಅಲೆ ಬಂದಿದ್ದು 2022ರಲ್ಲಿ. ಅಕ್ಟೋಬರ್ 27ರಂದು ಈಲಾನ್ ಮಸ್ಕ್ 4,400 ಕೋಟಿ ಡಾಲರ್ ಕೊಟ್ಟು ಟ್ವಿಟರ್ ಕೊಂಡರು. ಒಂದೇ ವಾರದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೌಕರರನ್ನು ತೆಗೆದುಹಾಕಿದರು. ಗುರುತಿನ ಖಾತ್ರಿಯಾಗಿದ್ದ ನೀಲಿ ಟಿಕ್ಕನ್ನು ತಿಂಗಳಿಗೆ 8 ಡಾಲರ್‌ಗೆ ಮಾರಿದರು. 2023ರ ಜನವರಿಯಲ್ಲಿ, ಟ್ವಿಟರ್ ಬಳಸಲೆಂದು ಬೇರೆಯವರು ವರ್ಷಗಟ್ಟಲೆ ಕಷ್ಟಪಟ್ಟು ಕಟ್ಟಿದ್ದ ಟ್ವೀಟ್‌ಬಾಟ್, ಟ್ವಿಟರಿಫಿಕ್‌ನಂಥ ಆ್ಯಪ್‌ಗಳು ಒಮ್ಮೆಲೇ ನಿಂತವು. ‘ಟ್ವೀಟ್’ ಎನ್ನುವ ಪದವನ್ನು ಮೊದಲು ಬಳಕೆಗೆ ತಂದಿದ್ದೇ ಟ್ವಿಟರಿಫಿಕ್ ಬಳಗ. ಅವರಿಗೆ ಒಂದು ಮುನ್ಸೂಚನೆಯೂ ಇರಲಿಲ್ಲ.

ಈ ಎಲ್ಲದರ ನಡುವೆ ನನಗೆ ಜಾಸ್ತಿ ಮುಖ್ಯ ಅನಿಸಿದ್ದು 2022ರ ಡಿಸೆಂಬರ್ 18ರ ಒಂದು ನಿಯಮ. ಮಾಸ್ಟೊಡಾನ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಮುಂತಾದ ಬೇರೆ ತಾಣಗಳಲ್ಲಿ ‘ನಾನು ಇಲ್ಲಿದ್ದೇನೆ’ ಎಂದು ಹೇಳುವ ಲಿಂಕುಗಳನ್ನು ಟ್ವಿಟರ್‌ನಲ್ಲಿ ಹಾಕುವಂತಿಲ್ಲ ಎಂದು ಆವತ್ತು ಘೋಷಿಸಿದರು. ಭಾರಿ ವಿರೋಧ ಬಂದು ಬೇಗನೇ ಹಿಂತೆಗೆದುಕೊಂಡರು, ನಿಜ. ಆದರೂ ಯೋಚಿಸಿ. ನೀವು ಹೊರಡುವುದನ್ನು ತಡೆಯಲು ಅವರಿಗೆ ಆಗುವುದಿಲ್ಲ. ಎಲ್ಲಿಗೆ ಹೋದಿರಿ ಎಂದು ನಿಮ್ಮವರಿಗೆ ತಿಳಿಯದ ಹಾಗೆ ಮಾಡಲು ಆಗುತ್ತದೆ. ನಿಮ್ಮ ಹಾಗೂ ನಿಮ್ಮ ಓದುಗರ ನಡುವಿನ ಸಂಬಂಧ ಕಂಪನಿಯ ಆಸ್ತಿ ಎಂಬ ಲೆಕ್ಕಾಚಾರ ಅಲ್ಲಿ ಬಟ್ಟೆ ಬಿಚ್ಚಿ ನಿಂತಿತು.

2022ರ ಅಕ್ಟೋಬರ್‌ನಲ್ಲಿ ಮಾಸ್ಟೊಡಾನ್ ಬಳಸುತ್ತಿದ್ದವರು ತಿಂಗಳಿಗೆ ಸುಮಾರು 3 ಲಕ್ಷ. ನವೆಂಬರ್ ಹೊತ್ತಿಗೆ ಅದು 25 ಲಕ್ಷ ಆಯಿತು.

ಮುಂದಿನ ವರ್ಷ ಚರ್ಚಾ ತಾಣ ರೆಡಿಟ್‌ನ ಸರದಿ. ಹೊರಗಿನ ಆ್ಯಪ್‌ಗಳು ರೆಡಿಟ್‌ನ ಮಾಹಿತಿ ಬಳಸಬೇಕಾದರೆ ಶುಲ್ಕ ಕೊಡಬೇಕು ಎಂದು ಕಂಪನಿ ಹೇಳಿತು. ‘ಅಪೊಲೊ’ ಎಂಬ ಆ್ಯಪನ್ನು ಒಬ್ಬನೇ ಕಟ್ಟಿದ್ದ ಕ್ರಿಶ್ಚಿಯನ್ ಸೆಲಿಗ್ ಲೆಕ್ಕ ಹಾಕಿ ನೋಡಿದರೆ ವರ್ಷಕ್ಕೆ 2 ಕೋಟಿ ಡಾಲರ್! 2023ರ ಜೂನ್ 12ರಿಂದ ಸಾವಿರಾರು ರೆಡಿಟ್ ಗುಂಪುಗಳು ಪ್ರತಿಭಟಿಸಿ ತಮ್ಮ ಬಾಗಿಲು ಮುಚ್ಚಿದವು. ಆ ಗುಂಪುಗಳನ್ನು ನಡೆಸುತ್ತಿದ್ದವರು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಕಂಪನಿ ಜಗ್ಗಲಿಲ್ಲ, ಜೂನ್ ಕೊನೆಗೆ ಅಪೊಲೊ ನಿಂತಿತು. ಆಗ ಒಂದಷ್ಟು ಜನ ‘ಲೆಮ್ಮಿ’ಗೆ ಹೋದರು. ರೆಡಿಟ್ ರೀತಿಯಲ್ಲೇ ಚರ್ಚೆ ನಡೆಸಲು 2019ರಲ್ಲಿ ಶುರುವಾದ, ಫೆಡಿವರ್ಸ್‌ಗೆ ಸೇರಿದ ತಂತ್ರಾಂಶ ಅದು.

ಇವು ಸುದ್ದಿಯಾದ ಕಾರಣಗಳು. ಸದ್ದಿಲ್ಲದೆ ಬಿಟ್ಟು ಹೋಗುವವರ ಕಾರಣ ಇನ್ನೊಂದು: ಫೀಡ್. ನಾವು ಯಾರನ್ನು ಫಾಲೋ ಮಾಡಿದ್ದೇವೋ ಅವರು ಬರೆದಿದ್ದು ಕಾಣುವುದಿಲ್ಲ, ಕಂಪನಿಯ ಅಲ್ಗಾರಿದಮ್ ಆರಿಸಿದ್ದು ಕಾಣುತ್ತದೆ. ಅದು ಹೇಗೆ ಆರಿಸುತ್ತದೆ? 2017ರಲ್ಲಿ ಫೇಸ್‌ಬುಕ್ ಒಂದು ಸಿಟ್ಟಿನ ಎಮೋಜಿಗೆ ಐದು ಲೈಕಿನಷ್ಟು ಬೆಲೆ ಕೊಟ್ಟಿತ್ತು ಎಂದು 2021ರಲ್ಲಿ ಹೊರಬಂದ ಕಂಪನಿಯ ಒಳದಾಖಲೆಗಳಿಂದ ಗೊತ್ತಾಯಿತು. ಸಿಟ್ಟು ಬರಿಸುವ ಪೋಸ್ಟು ಹೆಚ್ಚು ಜನಕ್ಕೆ ತಲುಪುತ್ತದೆ. ಜನ ಜಾಸ್ತಿ ಹೊತ್ತು ಅಲ್ಲೇ ಇರುತ್ತಾರೆ. ಜಾಹೀರಾತು ಜಾಸ್ತಿ ಕಾಣುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಸಿಟ್ಟಿನ ಬೆಲೆಯನ್ನು ಸೊನ್ನೆಗೆ ಇಳಿಸಿದರಂತೆ. ಅಷ್ಟರೊಳಗೆ ಎಷ್ಟು ಊರಿನ, ಎಷ್ಟು ಮನೆಯ ವಾಟ್ಸ್‌ಆ್ಯಪ್ ಗುಂಪುಗಳವರೆಗೆ ಆ ಜಗಳಗಳು ಹರಿದಿದ್ದವೋ.

ಅದೇ ದಾಖಲೆಗಳಲ್ಲಿ ನಮಗೆ ನೇರವಾಗಿ ತಟ್ಟುವ ಇನ್ನೊಂದು ಅಂಕಿ ಇತ್ತು. ಸುಳ್ಳು ಸುದ್ದಿ ಗುರುತಿಸುವ ಕೆಲಸಕ್ಕೆ ಮೀಸಲಿಟ್ಟ ಸಮಯದಲ್ಲಿ ಶೇ 87 ಅಮೆರಿಕಕ್ಕೆ, ಉಳಿದ ಇಡೀ ಪ್ರಪಂಚಕ್ಕೆ ಶೇ 13. ಇದು ಪೂರ್ತಿ ಲೆಕ್ಕ ಅಲ್ಲ ಎಂದು ಕಂಪನಿ ಉತ್ತರಿಸಿತು. ಹಾಗೇ ಇರಲಿ. ಕನ್ನಡದಲ್ಲಿ ಬರೆದ ಕೊಳಕು ಬೈಗುಳವನ್ನು ರಿಪೋರ್ಟ್ ಮಾಡಿ, ‘ಇದು ನಮ್ಮ ನಿಯಮ ಮೀರಿಲ್ಲ’ ಎಂಬ ಸಿದ್ಧ ಉತ್ತರ ಪಡೆದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ, ಅಲ್ವಾ? ಅದರಲ್ಲೂ ಹೆಣ್ಣುಮಕ್ಕಳು. ಮಂಡ್ಯದ ಬೈಗುಳ, ಕಲಬುರಗಿಯ ಬೈಗುಳ, ಜಾತಿ ಹಿಡಿದು ಆಡುವ ಸುತ್ತುಮಾತು ಇವೆಲ್ಲ ಅರ್ಥ ಆಗಬೇಕಾದರೆ ಇಲ್ಲಿನವರೇ ಕೂತು ಓದಬೇಕು.

ಈಗ ಫೆಡಿವರ್ಸ್ ಹೇಗೆ ಕೆಲಸ ಮಾಡುತ್ತದೆ ಎಂದು ನೋಡೋಣ. ನಿಮ್ಮ ಸಿಮ್ ಜಿಯೋದ್ದು, ನಿಮ್ಮ ತಂಗಿಯದು ಬಿಎಸ್‌ಎನ್‌ಎಲ್ ಅಂತಿಟ್ಟುಕೊಳ್ಳಿ. ಕಂಪನಿ ಬೇರೆ ಅಂತ ಮಾತು ನಿಲ್ಲುವುದಿಲ್ಲ. ಎರಡೂ ಕಂಪನಿಗಳು ಕರೆ ದಾಟಿಸುವ ಒಂದೇ ಪದ್ಧತಿಯನ್ನು ಒಪ್ಪಿಕೊಂಡಿವೆ. ಫೇಸ್‌ಬುಕ್‌ನವರು ಎಕ್ಸ್‌ನವರನ್ನು ಫಾಲೋ ಮಾಡಲಾಗದು, ಏಕೆಂದರೆ ಅಂಥ ಒಪ್ಪಂದವೇ ಇಲ್ಲ. ಫೆಡಿವರ್ಸ್‌ನಲ್ಲಿ ಆ ಒಪ್ಪಂದ ಇದೆ. ಅದರ ಹೆಸರು ಆ್ಯಕ್ಟಿವಿಟಿಪಬ್. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2018ರ ಜನವರಿಯಲ್ಲಿ ಇದನ್ನು ಅಧಿಕೃತವಾಗಿ ಒಪ್ಪಿಕೊಂಡಿತು. ಯಾರು ಬೇಕಾದರೂ ಬಳಸಬಹುದು, ಯಾರ ಅಪ್ಪಣೆಯೂ ಬೇಡ.

ಮಾಸ್ಟೊಡಾನ್ ಎಂದರೆ ಒಂದೇ ತಾಣ ಅಲ್ಲ. 2016ರಲ್ಲಿ ಜರ್ಮನಿಯ ಯುವಕ ಯೂಗನ್ ರೋಶ್ಕೊ ಬರೆದು ಹಂಚಿದ ತಂತ್ರಾಂಶ ಅದು. ಅದರ ಕೋಡ್ ಎಲ್ಲರಿಗೂ ತೆರೆದಿದೆ. ಅದನ್ನು ತಮ್ಮ ಸರ್ವರ್‌ನಲ್ಲಿ (ಸದಾ ಇಂಟರ್‌ನೆಟ್‌ಗೆ ಜೋಡಿಸಿಟ್ಟ ಕಂಪ್ಯೂಟರ್) ಹಾಕಿಕೊಂಡು ಸಾವಿರಾರು ಜನ, ಸಂಸ್ಥೆಗಳು ಬೇರೆಬೇರೆ ತಾಣ ನಡೆಸುತ್ತಿವೆ. ಫಾಸ್ಟೊಡಾನ್ ಎಂಬಲ್ಲಿ ಮುಕ್ತ ತಂತ್ರಾಂಶದವರು ಸೇರುತ್ತಾರೆ, ಮಾಸ್ಟೊಡಾನ್ ಡಾಟ್ ಆರ್ಟ್‌ನಲ್ಲಿ ಚಿತ್ರಕಾರರು. ಜರ್ಮನಿ ಮತ್ತು ನೆದರ್ಲೆಂಡ್ಸ್ ಸರ್ಕಾರಗಳು ತಮ್ಮ ಇಲಾಖೆಗಳಿಗಾಗಿ ತಮ್ಮದೇ ಸರ್ವರ್ ಇಟ್ಟುಕೊಂಡಿವೆ. ಒಂದು ಸರ್ವರ್‌ನಲ್ಲಿ ಖಾತೆ ತೆರೆದರೆ ಉಳಿದ ಸರ್ವರ್‌ಗಳಲ್ಲಿ ಇರುವವರನ್ನೂ ಫಾಲೋ ಮಾಡಬಹುದು, ಉತ್ತರಿಸಬಹುದು. ಅದಕ್ಕೇ ಅಲ್ಲಿನ ವಿಳಾಸದಲ್ಲಿ ನಿಮ್ಮ ಹೆಸರಿನ ಜೊತೆ ಸರ್ವರ್ ಹೆಸರೂ ಇರುತ್ತದೆ. ಇನ್ನೂ ಚೆಂದದ ಸಂಗತಿ ಎಂದರೆ, ಆ ಕಡೆಯವರು ಮಾಸ್ಟೊಡಾನ್‌ನವರೇ ಆಗಿರಬೇಕಿಲ್ಲ. ಫೋಟೊ ಹಂಚುವ ಪಿಕ್ಸೆಲ್‌ಫೆಡ್, ವಿಡಿಯೊ ಹಾಕುವ ಪೀರ್‌ಟ್ಯೂಬ್ ಖಾತೆಗಳನ್ನೂ ಮಾಸ್ಟೊಡಾನ್‌ನಿಂದಲೇ ಫಾಲೋ ಮಾಡಬಹುದು. ಯೂಟ್ಯೂಬ್ ಚಾನಲ್ಲನ್ನು ಎಕ್ಸ್‌ನ ಒಳಗಿಂದಲೇ ಸಬ್‌ಸ್ಕ್ರೈಬ್ ಮಾಡಿದ ಹಾಗೆ.

ಫೀಡಿನಲ್ಲಿ ನೀವು ಫಾಲೋ ಮಾಡಿದವರ ಪೋಸ್ಟುಗಳು ಬಂದ ಹೊತ್ತಿನ ಕ್ರಮದಲ್ಲಿ ಇರುತ್ತವೆ. ಜಾಹೀರಾತು ಇಲ್ಲ. ಬೇರೆಯವರ ಪೋಸ್ಟನ್ನು ಎತ್ತಿಕೊಂಡು ಮೇಲೆ ತಮ್ಮ ಟೀಕೆ ಸೇರಿಸಿ ಹಂಚುವ ಸೌಲಭ್ಯವನ್ನು ಮಾಸ್ಟೊಡಾನ್ ಬಹಳ ವರ್ಷ ಬೇಕೆಂದೇ ದೂರ ಇಟ್ಟಿತ್ತು. ಗುಂಪು ಕಟ್ಟಿಕೊಂಡು ಒಬ್ಬರ ಮೇಲೆ ಬೀಳಲು ಅದೇ ಆಯುಧವಾಗುತ್ತದೆ ಎನ್ನುವ ಕಾರಣಕ್ಕೆ. 2025ರಲ್ಲಿ ಅದನ್ನು ಸೇರಿಸಿದರು. ಆದರೆ ತನ್ನ ಪೋಸ್ಟನ್ನು ಹಾಗೆ ಬಳಸಬಹುದೋ ಬೇಡವೋ ಎಂದು ಬರೆದವರೇ ನಿರ್ಧರಿಸಬಹುದು.

ಇನ್ನು ನಿಯಮ. ಪ್ರತಿ ಸರ್ವರ್‌ಗೂ ಅದರದೇ ನಿಯಮ, ದೂರು ನೋಡಿ ಕ್ರಮ ಕೈಗೊಳ್ಳುವ ಅದರದೇ ಮಾಡರೇಟರ್‌ಗಳು. ಒಂದು ಸರ್ವರ್ ತುಂಬಾ ದ್ವೇಷ ಕಾರುವವರೇ ಇದ್ದರೆ ಉಳಿದ ಸರ್ವರ್‌ಗಳು ಅದರ ಸಂಪರ್ಕವನ್ನೇ ಕಡಿದುಕೊಳ್ಳುತ್ತವೆ. 2019ರಲ್ಲಿ ಅಮೆರಿಕದ ಬಲಪಂಥೀಯ ತಾಣ ‘ಗ್ಯಾಬ್’ ಮಾಸ್ಟೊಡಾನ್ ಕೋಡ್ ಬಳಸಲು ಶುರು ಮಾಡಿದಾಗ ಇದು ದೊಡ್ಡ ಮಟ್ಟದಲ್ಲಿ ನಡೆಯಿತು. ಕೋಡ್ ಮುಕ್ತವಾದ್ದರಿಂದ ಗ್ಯಾಬ್ ಅದನ್ನು ಬಳಸುವುದನ್ನು ಯಾರೂ ತಡೆಯುವಂತಿರಲಿಲ್ಲ. ಹಾಗಂತ ಅವರ ಜೊತೆ ಮಾತಾಡಲೇಬೇಕು ಎಂಬ ಕಟ್ಟಳೆಯೂ ಇರಲಿಲ್ಲ. ಸರ್ವರ್‌ಗಳು ಒಂದೊಂದಾಗಿ ಬಾಗಿಲು ಮುಚ್ಚಿದವು, ಹಲವು ಮೊಬೈಲ್ ಆ್ಯಪ್‌ಗಳೂ ಅದನ್ನು ತಡೆದವು. ಯಾರೋ ಒಬ್ಬ ಮಾಲೀಕ ಬಾಯಿ ಮುಚ್ಚಿಸಲಿಲ್ಲ, ಕೇಳುವವರು ಎದ್ದು ಹೋದರು. ಈ ವ್ಯತ್ಯಾಸ ನನಗೆ ತುಂಬಾ ಹಿಡಿಸುತ್ತದೆ.

ಎಲ್ಲವೂ ಚೆಂದ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಮೊದಲನೇ ತೊಡಕು ಬರುವುದು ಬಾಗಿಲಲ್ಲೇ. ಖಾತೆ ತೆರೆಯಲು ಹೋದರೆ ‘ಯಾವ ಸರ್ವರ್?’ ಎಂದು ಕೇಳುತ್ತದೆ. ಹೊಸಬರಿಗೆ ಗೊಂದಲ, ಎಷ್ಟೋ ಜನ ಅಲ್ಲೇ ಕೈಬಿಡುತ್ತಾರೆ. ಬೇಕಾದವರನ್ನು ಹುಡುಕುವುದೂ ಸುಲಭ ಅಲ್ಲ. ಇನ್ನೊಂದು, ಖಾಸಗಿ ಸಂದೇಶ ಎನ್ನುವುದು ವಾಟ್ಸ್‌ಆ್ಯಪ್‌ನಷ್ಟು ಖಾಸಗಿ ಅಲ್ಲ. ಅದಕ್ಕೆ ಬೀಗ ಇಲ್ಲ, ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು. ನೀವು ಅಳಿಸಿದ ಪೋಸ್ಟು ಬೇರೆ ಸರ್ವರ್‌ನಲ್ಲಿ ಉಳಿದುಬಿಡಲೂಬಹುದು. 2022ರಲ್ಲಿ ಅಲ್ಲಿಗೆ ಬಂದ ಅಮೆರಿಕದ ಕಪ್ಪು ಜನ ತಾವು ಅನುಭವಿಸಿದ ಜನಾಂಗೀಯ ತಾರತಮ್ಯದ ಬಗ್ಗೆ ಬರೆದಾಗ, ‘ಇಂಥದ್ದನ್ನೆಲ್ಲ ಒತ್ತಿದರಷ್ಟೇ ತೆರೆಯುವ ಎಚ್ಚರಿಕೆಯ ಪರದೆ ಹಿಂದೆ ಹಾಕಿ’ ಎಂದು ಹಳಬರು ಬುದ್ಧಿ ಹೇಳಿದ್ದುಂಟು. ಕಂಪನಿ ಇಲ್ಲದ ಕಡೆಯೂ ಯಜಮಾನಿಕೆ ಇರುತ್ತದೆ.

ಎಲ್ಲಕ್ಕಿಂತ ದೊಡ್ಡ ಕಷ್ಟ ದುಡ್ಡು ಮತ್ತು ದಣಿವಿನದು. ಸರ್ವರ್ ಬಾಡಿಗೆ ಯಾರೋ ಕಟ್ಟಬೇಕು. ಬಂದ ದೂರುಗಳನ್ನು ಯಾರೋ ರಾತ್ರಿ ಕೂತು ಓದಬೇಕು. ಹೆಚ್ಚಿನ ಕಡೆ ಇದು ಒಬ್ಬಿಬ್ಬರು ಕೆಲಸ ಮುಗಿಸಿ ಬಂದು ಮಾಡುವ ಸೇವೆ, ಖರ್ಚಿಗೆ ಬಳಕೆದಾರರ ದೇಣಿಗೆ. ಸುಸ್ತಾಗಿ ಸರ್ವರ್ ಮುಚ್ಚಿದವರು ಎಷ್ಟೋ ಜನ. ದೊಡ್ಡವರೂ ಹೊರತಲ್ಲ, ಫೈರ್‌ಫಾಕ್ಸ್‌ನ ಮೊಜಿಲ್ಲಾ ತನ್ನ ಮಾಸ್ಟೊಡಾನ್ ಸರ್ವರನ್ನು 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು. ಅದೇ ವರ್ಷ ಫೆಬ್ರವರಿಯಲ್ಲಿ ವಿಚಿತ್ರವಾದ ಇನ್ನೊಂದು ಘಟನೆ ನಡೆಯಿತು. ಲೈಂಗಿಕ ಅಲ್ಪಸಂಖ್ಯಾತರ ಒಂದು ಸರ್ವರ್‌ನ ವಿಳಾಸ ಡಾಟ್ ಎಎಫ್ ಎಂದು ಮುಗಿಯುತ್ತಿತ್ತು. ಎಎಫ್ ಅಂದರೆ ಅಫ್ಘಾನಿಸ್ತಾನ. ತಾಲಿಬಾನ್ ಆಡಳಿತ ಆ ವಿಳಾಸವನ್ನೇ ರದ್ದು ಮಾಡಿತು.

ಸರ್ವರ್ ಮುಚ್ಚಿದರೆ ಆರ್ಕುಟ್‌ಗೂ ಇದಕ್ಕೂ ಏನು ಫರಕು ಎಂದು ನೀವು ಕೇಳಬಹುದು. ಫರಕು ಇದೆ. ಸಿಮ್ ಕಂಪನಿ ಬದಲಿಸಿದರೂ ನಂಬರ್ ಉಳಿಸಿಕೊಳ್ಳುವ ಅನುಕೂಲ ನಮ್ಮ ದೇಶದಲ್ಲಿ 2011ರಿಂದ ಎಲ್ಲ ಕಡೆ ಇದೆಯಲ್ಲ, ಮಾಸ್ಟೊಡಾನ್‌ನಲ್ಲಿ ಅದಕ್ಕೆ ಹತ್ತಿರದ್ದೊಂದು ಇದೆ. ಬೇರೆ ಸರ್ವರ್‌ನಲ್ಲಿ ಖಾತೆ ತೆರೆದು ‘ಇಲ್ಲಿಗೆ ಬಂದೆ’ ಎಂದು ಹಳೆಯ ಖಾತೆಯಿಂದ ತಿಳಿಸಿದರೆ, ಫಾಲೋವರ್‌ಗಳು ತಾವಾಗಿಯೇ ಹೊಸ ಖಾತೆಗೆ ಸರಿಯುತ್ತಾರೆ. ಆದರೆ ಪೂರ್ತಿ ಅದೇ ಅಲ್ಲ. ವಿಳಾಸ ಬದಲಾಗುತ್ತದೆ, ಹಳೆಯ ಪೋಸ್ಟುಗಳು ಜೊತೆಗೆ ಬರುವುದಿಲ್ಲ. ಸರ್ವರ್ ಹೇಳದೆ ಕೇಳದೆ ಸತ್ತುಹೋದರೆ ಇದೂ ಸಾಧ್ಯವಿಲ್ಲ.

ಈ ಕೊರತೆಯನ್ನು ಬೇರೆ ದಾರಿಯಲ್ಲಿ ತುಂಬಲು ಹೊರಟಿದ್ದು ಬ್ಲೂಸ್ಕೈ. ಟ್ವಿಟರ್ ಮುಖ್ಯಸ್ಥರಾಗಿದ್ದ ಜ್ಯಾಕ್ ಡಾರ್ಸಿ 2019ರಲ್ಲಿ ಪ್ರಕಟಿಸಿದ ಯೋಜನೆ ಅದು, ಆಮೇಲೆ ಸ್ವತಂತ್ರ ಕಂಪನಿ ಆಯಿತು. 2024ರ ಫೆಬ್ರವರಿಯಲ್ಲಿ ಎಲ್ಲರಿಗೂ ತೆರೆಯಿತು. ಆಗಸ್ಟ್ ಕೊನೆಯಲ್ಲಿ ಬ್ರೆಜಿಲ್‌ನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಅಲೆಕ್ಸಾಂಡ್ರೆ ಡಿ ಮೊರೈಸ್ ಎಕ್ಸ್ ಮೇಲೆ ನಿಷೇಧ ಹಾಕಿದಾಗ ಅಲ್ಲಿಂದ ಲಕ್ಷಾಂತರ ಜನ ಬಂದರು. ಅಮೆರಿಕದ ಚುನಾವಣೆಯ ನಂತರ ಮತ್ತೊಂದು ಅಲೆ ಬಂದು ನವೆಂಬರ್‌ನಲ್ಲಿ ಬಳಕೆದಾರರು 2 ಕೋಟಿ ದಾಟಿದರು. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಎಕ್ಸ್‌ನಲ್ಲಿ ಪೋಸ್ಟ್ ಹಾಕುವುದನ್ನು ನಿಲ್ಲಿಸಿದ್ದೂ ಅದೇ ತಿಂಗಳು.

ಬ್ಲೂಸ್ಕೈಯಲ್ಲಿ ನಿಮ್ಮ ಸ್ವಂತ ವೆಬ್‌ಸೈಟಿನ ಹೆಸರನ್ನೇ ವಿಳಾಸ ಮಾಡಿಕೊಳ್ಳಬಹುದು. ಬರೆದಿದ್ದೆಲ್ಲವನ್ನೂ ಗಂಟು ಕಟ್ಟಿ ಬೇರೆ ಸರ್ವರ್‌ಗೆ ಒಯ್ಯಬಹುದು, ಫಾಲೋವರ್‌ಗಳೂ ಉಳಿಯುತ್ತಾರೆ. ಯಾವ ಅಲ್ಗಾರಿದಮ್ ಬೇಕು ಎಂದು ನೀವೇ ಆರಿಸಬಹುದು. ಬಳಸಲೂ ಸುಲಭ. ಆದರೆ ಬಹುಪಾಲು ಬಳಕೆದಾರರು ಇನ್ನೂ ಆ ಒಂದೇ ಕಂಪನಿಯ ಸರ್ವರ್‌ಗಳಲ್ಲಿ ಇದ್ದಾರೆ, ಕಂಪನಿ ನಡೆಯುತ್ತಿರುವುದು ಹೂಡಿಕೆದಾರರ ಹಣದಲ್ಲಿ. ಹೊರಹೋಗುವ ಬಾಗಿಲನ್ನು ಕಟ್ಟಿದ್ದಾರೆ, ಅದರಲ್ಲಿ ನಡೆದು ಹೋದವರು ಕಡಿಮೆ. ಹಾಗಾಗಿ ನಾನು ಅದನ್ನು ಪೂರ್ತಿ ನಂಬುವುದಿಲ್ಲ, ತಳ್ಳಿಹಾಕುವುದೂ ಇಲ್ಲ.

ಸರ್ಕಾರದ ಕೈಯಿಂದ ತಪ್ಪಿಸಿಕೊಳ್ಳಲು ಜನ ಫೆಡಿವರ್ಸ್‌ಗೆ ಬರುತ್ತಾರೆ ಎಂದು ಕೆಲವರು ತಿಳಿದಿದ್ದಾರೆ. ಆದರೆ ಕಾನೂನು ಅಲ್ಲೂ ಬಿಡುವುದಿಲ್ಲ. ಕೇಂದ್ರದ ತಡೆ ಆದೇಶಗಳನ್ನು ಪ್ರಶ್ನಿಸಿದ್ದ ಟ್ವಿಟರ್ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2023ರ ಜೂನ್ 30ರಂದು ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿತ್ತು. 2025ರ ಸೆಪ್ಟೆಂಬರ್‌ನಲ್ಲಿ, ಪೋಸ್ಟ್ ತೆಗೆಯಿರಿ ಎಂದು ಸರ್ಕಾರ ಜಾಲತಾಣಗಳಿಗೆ ಸೂಚನೆ ಕಳಿಸುವ ‘ಸಹಯೋಗ್’ ಪೋರ್ಟಲ್ ವಿರುದ್ಧ ಎಕ್ಸ್ ಹಾಕಿದ್ದ ಅರ್ಜಿಯೂ ಅಲ್ಲೇ ವಜಾ ಆಯಿತು. ಭಾರತದಲ್ಲಿ ಸರ್ವರ್ ನಡೆಸುವ ಯಾರಿಗೇ ಆಗಲಿ ಇದೇ ಕಾನೂನು. ದೂರು ಸ್ವೀಕರಿಸುವ ಅಧಿಕಾರಿಯ ಹೆಸರನ್ನು ಪ್ರಕಟಿಸಬೇಕು, ನ್ಯಾಯಾಲಯದ ಆದೇಶ ಪಾಲಿಸಬೇಕು. ದೊಡ್ಡ ಕಂಪನಿಗೆ ವಕೀಲರ ಪಡೆಯೇ ಇರುತ್ತದೆ. ಮೂವರು ಗೆಳೆಯರು ನಡೆಸುವ ಸರ್ವರ್‌ಗೆ ಯಾರಿದ್ದಾರೆ? ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಯಾರೂ ಈ ಕೆಲಸಕ್ಕೆ ಇಳಿಯಬಾರದು.

ಆದರೂ ಕನ್ನಡದವರು ನಡೆಸುವ, ಕನ್ನಡ ಓದಬಲ್ಲ ಮಾಡರೇಟರ್‌ಗಳಿರುವ ಗಟ್ಟಿ ಸರ್ವರೊಂದು ಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ. ಮಾಸ್ಟೊಡಾನ್‌ನಲ್ಲಿ ಪ್ರತಿ ಪೋಸ್ಟಿಗೂ ಭಾಷೆ ಗುರುತಿಸಬಹುದು. ಕನ್ನಡ ಎಂದು ಗುರುತಿಸಿ ಬರೆದರೆ, ಇಂಗ್ಲಿಷ್‌ನಲ್ಲೂ ಬರೆಯುವ ಒಬ್ಬರ ಕನ್ನಡ ಪೋಸ್ಟುಗಳನ್ನಷ್ಟೇ ಓದುಗರು ಆರಿಸಿಕೊಳ್ಳಬಹುದು. ಅಮೆರಿಕ, ಕೊಲ್ಲಿ ದೇಶಗಳ ಕನ್ನಡಿಗರು ತಮ್ಮ ಊರಿನ ಸರ್ವರ್‌ನಲ್ಲೇ ಇದ್ದುಕೊಂಡು ಇದರ ಮಾತುಕತೆಯಲ್ಲಿ ಸೇರಬಹುದು. ಇಂಥದ್ದನ್ನು ಒಬ್ಬ ಉತ್ಸಾಹಿ ಎಂಜಿನಿಯರ್ ತನ್ನ ಜೇಬಿನಿಂದ ನಡೆಸಿದರೆ ಎರಡು ವರ್ಷದಲ್ಲಿ ಸುಸ್ತಾಗುತ್ತಾರೆ. ಒಂದು ಕನ್ನಡ ಸಂಘವೋ, ಸಹಕಾರ ಸಂಘವೋ, ವಿಶ್ವವಿದ್ಯಾಲಯದ ವಿಭಾಗವೋ ಹೊಣೆ ಹೊರಬೇಕು. ಸದಸ್ಯರು ವರ್ಷಕ್ಕಿಷ್ಟು ಎಂದು ಚಂದಾ ಕೊಡಬೇಕು, ಲೆಕ್ಕಪತ್ರ ಎಲ್ಲರಿಗೂ ಕಾಣಬೇಕು, ಮಾಡರೇಟರ್‌ಗಳಿಗೆ ಸರದಿ ಇರಬೇಕು. ಮುಚ್ಚುವ ಪ್ರಸಂಗ ಬಂದರೆ ಇಷ್ಟು ತಿಂಗಳು ಮೊದಲೇ ತಿಳಿಸುತ್ತೇವೆ ಎಂದು ನಿಯಮದಲ್ಲೇ ಬರೆದಿಡಬೇಕು. ಹಾಲಿನ ಡೇರಿಯಿಂದ ಪತ್ತಿನ ಸಂಘದವರೆಗೆ ಸಹಕಾರ ಸಂಘ ನಡೆಸಿ ಗೊತ್ತಿರುವ ಜನ ನಮ್ಮ ತಾಲ್ಲೂಕು ತಾಲ್ಲೂಕಿನಲ್ಲೂ ಇದ್ದಾರೆ. ಈ ಕೆಲಸಕ್ಕೆ ಕೋಡ್ ಬರೆಯುವವರಷ್ಟೇ ಅವರೂ ಬೇಕು.